ಸ್ಮಶಾನದಲ್ಲಿ ಓದಿದ ಅರ್ಧ ಪುಟ

"ಶನಿವಾರ ಬೆಳಿಗ್ಗೆ ಸ್ಮಶಾನಕ್ಕೆ ಬಾ, ಮಗಳನ್ನೂ ಕರೆದುಕೊಂಡು ಬಾ, ಕೇಕ್ ಇರುತ್ತೆ!" ಎಂದು ನಗುನಗುತ್ತಾ ಕರೆದರೆ ನೀವಾದರೂ ಏನು ಹೇಳುತ್ತೀರಿ? ನಾನು ಬೆಬ್ಬೆಬ್ಬೆ ಅಂದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದರೂ ಸ್ಮಶಾನದ ಗೇಟು ದಾಟಿದವಳಲ್ಲ ನಾನು.

ಕರೆದವರು ಮಿಸ್ ಡೊರೊತಿ. ಅಮೆರಿಕದ ಈ ಕೆಂಡಲ್ ಪಾರ್ಕ್ ಊರಿಗೆ ಬಂದ ಹೊಸತರಲ್ಲಿ, ಗಂಡ ಆಫೀಸಿಗೆ, ಮಗಳು ಸ್ಕೂಲಿಗೆ ಹೋದಮೇಲೆ ಮಾತಿಗೆ ಜನವಿಲ್ಲದೆ ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆ. ಆಗ ಸಿಕ್ಕರು, ಲೈಬ್ರರಿಯಲ್ಲಿ ಹೊಸಬರಿಗೆ ಇಂಗ್ಲಿಷ್ ಕಲಿಸುವ ಈ ಆಫ್ರಿಕನ್ ಅಮೆರಿಕನ್ ಅಜ್ಜಿ. ಇವರ ಅಜ್ಜಿಯ ಅಜ್ಜಿ ಗುಲಾಮರಾಗಿದ್ದವರು. ಬಿಡುಗಡೆಯಾದ ಮೇಲೆ ತಮ್ಮ ಕಥೆ ಬರೆದು, ಗುಲಾಮಗಿರಿ ತೊಲಗಲಿ ಎಂದು ಊರೂರು ತಿರುಗಿದವರು. ಅವರ ಸಮಾಧಿಗೆ ಈಗ ಹೆಸರಿನ ಕಲ್ಲು ಇಡುತ್ತಾರಂತೆ. ಅಲ್ಲಿ ಅವರ ಪುಸ್ತಕದ ಒಂದು ಪುಟ ನಾನು ಓದಬೇಕಂತೆ. ಇಂಗ್ಲಿಷಿನಲ್ಲಿ, ಮೈಕಿನ ಮುಂದೆ!

"ಅಮ್ಮಾ, ಪ್ಲೀಸ್, ಡೋಂಟ್ ಎಂಬರಸ್ ಮಿ" ಅಂದಳು ಹತ್ತು ವರ್ಷದ ಮಗಳು ಅನನ್ಯ. ನನ್ನ ಉಚ್ಚಾರಣೆ ಅಂದರೆ ಅವಳಿಗೆ ನಾಚಿಕೆ. ನನಗೆ ಉರಿದುಹೋಯಿತು. ಇವಳೆದುರೇ ಓದಿ ತೋರಿಸುತ್ತೇನೆ ಅಂತ ಹಟ ತೊಟ್ಟು, ಒಗ್ಗರಣೆ ಹಾಕುವಾಗಲೂ ಆ ಪುಟವನ್ನೇ ಬಾಯಿಪಾಠ ಮಾಡಿದೆ.

ಹೋಗಿ ನೋಡಿದರೆ ಮದುವೆಮನೆ ಸಡಗರ! ಹುಲ್ಲಿನ ಮೇಲೆ ಕುರ್ಚಿ, ಹಾಡು, ಪಾಟ್‌ಲಕ್ ಬೇರೆ, ಅಂದರೆ ಮನೆಗೊಂದು ತಿಂಡಿ ತಂದು ಎಲ್ಲರೂ ಹಂಚಿಕೊಳ್ಳುವುದು. ಸ್ಮಶಾನದಲ್ಲಿ ತಿನ್ನುವುದೇ ಅನ್ನಿಸಿತು. ನಮ್ಮಲ್ಲೂ ತಿಥಿಗೆ ವಡೆ, ಪಾಯಸ ಬಡಿಸುವುದಿಲ್ಲವೇ ಎಂದು ಪುಳಿಯೋಗರೆ ಡಬ್ಬಿ ಇಟ್ಟೆ.

ನನ್ನ ಸರದಿ ಬಂತು. ಗುಲಾಮರು ಅಕ್ಷರ ಕಲಿಯಬಾರದೆಂದಿದ್ದ ಕಾಲದಲ್ಲಿ, ಯಜಮಾನಿ ಆಚೆ ಹೋದಾಗ, ಪುಸ್ತಕ ಬರೆದ ಆ ಅಜ್ಜಿ ಹಿಟ್ಟಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿ ಕಲಿತು, ಹೆಜ್ಜೆ ಸಪ್ಪಳ ಕೇಳಿದೊಡನೆ ಅಳಿಸಿಬಿಡುತ್ತಿದ್ದ ಪ್ರಸಂಗ ಅದು. ಅರ್ಧ ಓದುವಷ್ಟರಲ್ಲಿ ಅನನ್ಯಳ ಅಕ್ಷರಾಭ್ಯಾಸ ಕಣ್ಣಮುಂದೆ ಬಂತು. ತಟ್ಟೆ ತುಂಬ ಅಕ್ಕಿ, ರೇಷ್ಮೆ ಲಂಗ, ಬೆರಳು ಹಿಡಿದು ಬರೆಸಿದ ತಾತ. ನಮ್ಮ ಮನೆಯಲ್ಲಿ ಹಬ್ಬವಾದದ್ದು ಇವರಿಗೆ ಅಪರಾಧ! ನಮ್ಮೂರಲ್ಲೂ ಎಷ್ಟೋ ಕೇರಿಗಳಿಗೆ ಆ ತಟ್ಟೆ ಬಂದಿರಲೇ ಇಲ್ಲ ಅನ್ನುವುದೂ ನೆನಪಾಯಿತು. ಓದುತ್ತಿದ್ದ ಸಾಲೇ ತಪ್ಪಿಹೋಯಿತು, ಹುಡುಕುವಷ್ಟರಲ್ಲಿ ಪುಸ್ತಕ ಜಾರಿ ನನ್ನ ಕಾಲಿನ ಮೇಲೇ ಬಿತ್ತು. ಥಟ್ಟನೆ ಎತ್ತಿ ಕಣ್ಣಿಗೊತ್ತಿಕೊಂಡೆ.

ಎಲ್ಲರೂ ಪಿಳಿಪಿಳಿ ನೋಡಿದರು. ಏನು ಮಾಡಿದೆ ಎಂದು ಡೊರೊತಿ ಕೇಳಿದರೆ ಕಲಿತ ಇಂಗ್ಲಿಷೆಲ್ಲ ಮಾಯ! ಆಗ ಅನನ್ಯ ತಾನೇ ಎದ್ದು ಬಂದು ಮೈಕಿನಲ್ಲಿ ವಿವರಿಸಿದಳು: ನಮಗೆ ಪುಸ್ತಕ ಅಂದರೆ ದೇವರು, ಕಾಲು ತಾಗಿದರೆ ಹೀಗೆ ಕ್ಷಮೆ ಕೇಳುತ್ತೇವೆ. ಡೊರೊತಿ ಪುಸ್ತಕ ಈಸಿಕೊಂಡು ತಮ್ಮ ಕಣ್ಣಿಗೂ ಒತ್ತಿಕೊಂಡರು, ಪಕ್ಕದವರಿಗೆ ಕೊಟ್ಟರು. ಕೊನೆಯ ಸಾಲಿನವರೆಗೂ ಎಲ್ಲರೂ ಕಣ್ಣಿಗೊತ್ತಿಕೊಂಡರು. ಉಳಿದರ್ಧ ಪುಟವನ್ನು ಅಮ್ಮ, ಮಗಳು ಕೂಡಿ ಓದಿದೆವು. ಚಪ್ಪಾಳೆಯೋ ಚಪ್ಪಾಳೆ! ಖುಷಿಗೆ ಎರಡು ತುಂಡು ಕೇಕ್ ತಿಂದೆ.

ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ಹೌಹಾರಿದಳು. "ಸ್ಮಶಾನಕ್ಕೆ ಹೋಗಿದ್ಯೇನೇ! ಅಲ್ಲಿ ನಿನಗೆ ಯಾರಿದ್ದಾರೆ?"

"ನಮ್ಮೋರೇ ಅಮ್ಮ." ತಾನಾಗಿಯೇ ಬಾಯಿಗೆ ಬಂತು.

ಅಮ್ಮನ ದನಿ ಇಳಿಯಿತು. "ಹಾಗಾದ್ರೆ ತಲೆಗೆ ನೀರು ಹಾಕ್ಕೊಂಡು ದೀಪ ಹಚ್ಚು."

ಹಾಗೇ ಮಾಡಿದೆ. ದೀಪದ ಮುಂದೆ ಆ ಕಲ್ಲಿನ ಮೇಲಿದ್ದ ಹೆಸರು ಹೇಳಿ ಕೈ ಮುಗಿದೆ. ನೀನು ಯಾವ ಊರವಳು ಎಂದು ಆಗ ಯಾರೂ ಕೇಳಲಿಲ್ಲ, ಸದ್ಯ; ಕೇಳಿದ್ದರೆ ಮೈಸೂರೋ ಕೆಂಡಲ್ ಪಾರ್ಕೋ ತಿಳಿಯದೆ ಮತ್ತೆ ಬೆಬ್ಬೆಬ್ಬೆ ಅನ್ನುತ್ತಿದ್ದೆ.