ಪಂಪಣ್ಣ ಇಳಿದು ನಿಂತ ಮೆಟ್ಟಿಲು

ಕಂಪ್ಯೂಟರ್ ಬಿಚ್ಚಿ ಫ್ಯಾನಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿ ನೋಡಿದರೆ ಸಾಕು, ಅದು ಎಲ್ಲಿಂದ ಬಂದದ್ದೆಂದು ಪಂಪಣ್ಣ ಹೇಳಿಬಿಡುತ್ತಿದ್ದ. ಕೆಂಪಗೆ, ಭಾರವಾಗಿ ಅಂಟಿಕೊಂಡರೆ ಸಂಡೂರು ರಸ್ತೆ. ಹಗುರವಾಗಿ ಹಾರಿದರೆ ಕಂಪ್ಲಿಯ ಅಕ್ಕಿ ಗಿರಣಿ. ಒಮ್ಮೆ ಒಂದರೊಳಗೆ ಊದಿನಕಡ್ಡಿಯ ಬೂದಿ ಸಿಕ್ಕಿತು. "ಇದರ ಧಣಿ ನನಗಿಂತ ಮೊದ್ಲ ದೇವ್ರ ಕಡೆ ರಿಪೇರಿ ಮಾಡ್ಸ್ಯಾನ," ಎಂದು ನಕ್ಕಿದ್ದ.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮೊದಲು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟುತ್ತಿದ್ದವನು, ಗಣಿಯ ದುಡ್ಡು ಬಂದು ಊರಲ್ಲಿ ಕಂಪ್ಯೂಟರು ಹೆಚ್ಚಾದಾಗ ಕಸುಬು ಬದಲಿಸಿದ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದ, ಆದರೆ ಕಂಪ್ಯೂಟರಿನ ಒಳಗಿನ ಸೆಟ್ಟಿಂಗುಗಳೆಲ್ಲ ಅವನಿಗೆ ಬಾಯಿಪಾಠ.

ನಾನು ಡಿಪ್ಲೊಮಾ ಮುಗಿಸಿ ಮನೆಗಳ ಪ್ಲ್ಯಾನು ಬರೆಯುತ್ತಿದ್ದೆ. ಆಗ ಲಾರಿ ಕೊಂಡವರಿಗೆಲ್ಲ ಮನೆ ಕಟ್ಟಿಸುವ ಆಸೆ. ಪಾಯ ತೋಡುವ ಮೊದಲೇ ಆ ಮನೆಯನ್ನು ಪರದೆಯ ಮೇಲೆ ನಾಲ್ಕೂ ದಿಕ್ಕಿಗೆ ತಿರುಗಿಸಿ ತೋರಿಸಬೇಕು. ನನ್ನ ಕಂಪ್ಯೂಟರಿನಲ್ಲಿ ಮನೆ ಅರ್ಧ ತಿರುಗಿ ನಿಂತು ಯೋಚಿಸುತ್ತಿತ್ತು.

"ಇದಕ್ಕ ಬ್ಯಾರೆ ಗ್ರಾಫಿಕ್ಸ್ ಕಾರ್ಡಿಲ್ರಿ ಇಂಜಿನಿಯರ್ರ," ಎಂದ ಪಂಪಣ್ಣ. ಡಿಪ್ಲೊಮಾದವನನ್ನು ಹಾಗೆ ಕರೆಯುವುದು ಅವನ ಕುಚೋದ್ಯ. "ಚಿತ್ರದ ಕೆಲಸಾನೂ ರ‍್ಯಾಮಿನ ಮ್ಯಾಲೇ ಬಿದ್ದೈತಿ. ರ‍್ಯಾಮ್ ಜಲ್ದಿ ಓಡಿದ್ರ ಚಿತ್ರಾನೂ ಜಲ್ದಿ ತಿರುಗತೈತಿ."

ಇದ್ದ ಒಂದು ರ‍್ಯಾಮನ್ನು ತೆಗೆದು ಒಂದೇ ಕಂಪನಿಯ ಎರಡನ್ನು ಹಾಕಿದ. "ಜೋಡಿ ಸರಿ ಇರ್ಬೇಕ್ರಿ. ಒಂದು ಜಗ್ಗಿ ಒಂದು ನಿಂತ್ರ ಬಂಡಿ ಹೊಳ್ಳತೈತಿ." ಆಮೇಲೆ ಅವುಗಳ ಓಟವನ್ನು ಸೆಟ್ಟಿಂಗಿನಲ್ಲಿ ಕಂಪನಿಯವರು ಬರೆದ ವೇಗಕ್ಕಿಂತ ಮೇಲೆ, ಒಂದೊಂದೇ ಮೆಟ್ಟಿಲು ಏರಿಸತೊಡಗಿದ. ಎಲ್ಲಿ ಕೈಕೊಡುತ್ತದೋ ಅಲ್ಲಿಂದ ಒಂದು ಮೆಟ್ಟಿಲು ಇಳಿದು ನಿಲ್ಲುವುದು ಅವನ ನೇಮ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಿಟಕಿ ಮುಚ್ಚಿ, ಮೇಲಿನ ಫ್ಯಾನು ಆರಿಸಿ, ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. "ಮುಂಜಾನಿ ತಂಪಿನ್ಯಾಗ ಎಲ್ಲಾ ಮಷಿನ್ನೂ ಶಾಣ್ಯಾ ಇರ್ತಾವ. ಮಧ್ಯಾಹ್ನ ನೋಡ್ಬೇಕು." ನನ್ನದರ ಮುಂದೆ ಹೀಗೆ ಎರಡು ಮಧ್ಯಾಹ್ನ ಬೆಂದ. ಮನೆ ಸರಾಗವಾಗಿ ತಿರುಗಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಅದೇ ವಾರ ಪಾಪಿನಾಯಕನಹಳ್ಳಿಯ ಗೌಡರೊಬ್ಬರು ತಮ್ಮ ಮೂರಂತಸ್ತಿನ ಮನೆಯನ್ನು ಪರದೆಯ ಮೇಲೆ ನೋಡಲು ಬರುವವರಿದ್ದರು. ನನ್ನ ಮೊದಲ ದೊಡ್ಡ ಕೆಲಸ. ಹಿಡಿಸದಿದ್ದರೆ ಬಳ್ಳಾರಿಯವರಿಗೆ ಕೊಡುತ್ತೇನೆಂದು ಮೊದಲೇ ಹೇಳಿದ್ದರು. ಅವರು ಬರುವ ದಿನ ಬೆಳಿಗ್ಗೆ ನನಗೆ ದುರಾಸೆ ಹುಟ್ಟಿತು. ಪಂಪಣ್ಣ ಏರಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೆನಲ್ಲ, ಅವನು ಇಳಿಸಿದ್ದ ಆ ಒಂದು ಮೆಟ್ಟಿಲನ್ನು ನಾನೇ ಏರಿಸಿದೆ. ಮನೆ ಮಸ್ತಾಗಿ ತಿರುಗಿತು. ಪಂಪಣ್ಣ ಪುಕ್ಕಲ ಎಂದುಕೊಂಡೆ.

ಮಧ್ಯಾಹ್ನ ಎರಡಕ್ಕೆ ಗೌಡರು ಹೆಂಡತಿಯೊಂದಿಗೆ ಬಂದು ಕೂತರು. ಮನೆಯ ಮುಂಬಾಗಿಲು ಕಾಣುವ ಹೊತ್ತಿಗೆ ಪರದೆಯ ತುಂಬ ಬಣ್ಣದ ಚುಕ್ಕೆಗಳೆದ್ದು ಎಲ್ಲ ಸ್ತಬ್ಧವಾಯಿತು.

"ಕಟ್ಟಿದ ಮ್ಯಾಲೂ ಹಿಂಗ ಒಡೀತೈತೇನ್ರಿ?" ಎಂದು ಗೌಡರು ಕೇಳಿದರು. ಅವರು ನಗುತ್ತಿರಲಿಲ್ಲ.

ಫೋನ್ ಮಾಡಿದ ಹತ್ತು ನಿಮಿಷಕ್ಕೆ ಪಂಪಣ್ಣ ಬಂದ. "ಏನರ ಮುಟ್ಟಿದ್ರೇನು?"

"ಇಲ್ಲ ಪಂಪಣ್ಣ, ನಾ ಕೈ ಹಚ್ಚಿಲ್ಲ," ಎಂದೆ. ಗೌಡರು ಪಕ್ಕದಲ್ಲೇ ಕೂತಿದ್ದರು.

ಅವನು ಮತ್ತೆ ಶುರು ಮಾಡಿ, ಸೆಟ್ಟಿಂಗಿನ ನೀಲಿ ಪರದೆ ತೆರೆದು, ಸ್ವಲ್ಪ ಹೊತ್ತು ನೋಡಿ, ಒಂದು ಗುಂಡಿ ಒತ್ತಿ ಆ ಮೆಟ್ಟಿಲು ಇಳಿಸಿ ಮುಚ್ಚಿದ. ಗೌಡರ ಕಡೆ ತಿರುಗಿ, "ತಪ್ಪು ನಂದ್ರಿ ಗೌಡ್ರ. ನಾನ ಸ್ಪೀಡ್ ಜಾಸ್ತಿ ಇಟ್ಟಿದ್ದೆ. ಇವರ ಪ್ಲ್ಯಾನಿಗೇನೂ ಆಗಿಲ್ಲ, ನೋಡ್ರಿ," ಎಂದ. ಮನೆ ತಿರುಗಿತು.

"ಬರಲಾರದ ಕೆಲಸ ಯಾಕ ಮಾಡ್ತಿಯೋ ಮಾರಾಯ?" ಎಂದರು ಗೌಡರು. ಪಂಪಣ್ಣ ತಲೆಯಾಡಿಸಿ ಹೊರಟ. ಕೆಲಸ ನನಗೆ ಸಿಕ್ಕಿತು. ತಪ್ಪು ಪಂಪಣ್ಣನ ಹೆಸರಿನಲ್ಲೇ ಉಳಿಯಿತು. ಆ ನಾಚಿಕೆ ಬಹಳ ದಿನ ಕಾಡಿತು.

ಗಣಿಗಳ ಸದ್ದಡಗಿದ ಮೇಲೆ ಅವನ ಗಿರಾಕಿಗಳೂ ಕಡಿಮೆಯಾದರು. ಮಗಳ ಊರು ಮೆಟ್ರಿಯಲ್ಲಿ ಮತ್ತೆ ಮೋಟಾರು ಕಟ್ಟುವೆನೆಂದು ಅಂಗಡಿ ಖಾಲಿ ಮಾಡುತ್ತಿದ್ದಾಗ ಹೋಗಿ ಎಲ್ಲ ಒಪ್ಪಿಕೊಂಡೆ. ಅವನು ವೈರು ಸುತ್ತುವುದನ್ನೂ ನಿಲ್ಲಿಸಲಿಲ್ಲ.

"ಗೊತ್ತೈತ್ರಿ. ನಾ ಇಟ್ಟಿದ್ದು ಎಷ್ಟಂತ ನನಗ ಗೊತ್ತಿರೂದಿಲ್ಲೇನು?"

"ಮತ್ತ ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?"

"ಆ ಮನುಷ್ಯ ನಿಮ್ಮನ್ನ ನಂಬಿ ಮನಿ ಕಟ್ಟಾವಿದ್ದ. ನನ್ನ ನಂಬಿ ಅವನಿಗೇನಾಗಬೇಕಿತ್ತು? ಬರ್ರಿ, ಆ ಮೇಜಿಗೆ ಒಂದು ಕೈ ಹಚ್ರಿ."

ಇಬ್ಬರೂ ಸೇರಿ ಮೇಜನ್ನು ಟೆಂಪೋಗೆ ಏರಿಸಿದೆವು. ಅದೇ ಕೊನೆಯ ಭೇಟಿ. ಮರುವರ್ಷ ಅವನು ತೀರಿಕೊಂಡ ಸುದ್ದಿ ಬಂದಾಗ ಪಾಪಿನಾಯಕನಹಳ್ಳಿಗೆ ಹೋಗಿ ಗೌಡರಿಗೆ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ತಮ್ಮ ಮೂರಂತಸ್ತಿನ ಮನೆಯ ಕಟ್ಟೆಯ ಮೇಲೆ ಕೂತು, "ಗೃಹಪ್ರವೇಶಕ್ಕ ಅವ್ರನ್ನ ಕರೀಲೇ ಇಲ್ಲಲ್ರಿ ನಾವು," ಎಂದರು.