ಬೂಹಫ್ಸನ ಖರ್ಜೂರ

ತಿಂಜಾವುತ್ ಎಂಬ ಮರುಭೂಮಿ ಊರಿನ ಟಿವಿಗೆ ತಾನೇ ನಿರ್ದೇಶಕ ಎಂದು ಬೂಹಫ್ಸ ಹೇಳಿಕೊಳ್ಳುತ್ತಿದ್ದ. ವಾರ್ತೆ ಓದುವವನೂ ಅವನೇ, ಕ್ಯಾಮೆರಾ ಹಚ್ಚುವವನೂ ಅವನೇ, ಸ್ಟುಡಿಯೋಗೆ ನುಗ್ಗಿದ ಆಡನ್ನು ಅಟ್ಟುವವನೂ ಅವನೇ. ವಾರ್ತೆಯಾದರೂ ಎಂಥದ್ದು? ಯಾರ ಒಂಟೆ ಕಳೆದಿದೆ, ಯಾವ ತೋಟಕ್ಕೆ ನೀರಿನ ಸರದಿ. ಅಷ್ಟಕ್ಕೇ ಟೈ ಬಿಗಿದು ಕೂರುತ್ತಿದ್ದ. ಮೇಜಿನ ಕೆಳಗೆ ಹರಿದ ಚಪ್ಪಲಿ.

ರಂಜಾನ್ ಬಂತೆಂದರೆ ಮಾತ್ರ ಇಡೀ ಊರು ಅವನ ಮುಷ್ಟಿಯಲ್ಲಿ. ರಾಜಧಾನಿ ಅಲ್ಜೀರ್ಸ್‌ನಲ್ಲಿ ಸೂರ್ಯ ಬೇಗ ಮುಳುಗುತ್ತಾನೆ, ದೇಶದ ಪಡುವಣ ತುದಿಯ ತಿಂಜಾವುತ್‌ನಲ್ಲಿ ತಡವಾಗಿ. ಹಾಗಾಗಿ ಉಪವಾಸ ಬಿಡಲು ಎಲ್ಲರೂ ಬೂಹಫ್ಸ ಹಾಕುವ ಆಜಾನ್‌ಗೆ ಕಾಯುತ್ತಿದ್ದರು. ಮಸೀದಿಯಲ್ಲಿ ಕೂಗುವವನು ಕೂಡ ಟಿವಿ ನೋಡಿಯೇ ಏಳುತ್ತಿದ್ದ.

ಒಂದು ಸಂಜೆ ಮರಳುಗಾಳಿಗೆ ಆಕಾಶವೇ ಕಾಣಲಿಲ್ಲ. ಬೂಹಫ್ಸ ರಾಜಧಾನಿಯ ಚಾನೆಲ್ಲಿನ ಕುರಾನ್ ಪಠಣವನ್ನು ತನ್ನ ಪರದೆಗೆ ತಿರುಗಿಸಿಟ್ಟು, ವಾಲಿದ ಆಂಟೆನಾ ನೆಟ್ಟಗೆ ಮಾಡಲು ಮಹಡಿ ಹತ್ತಿದ. ಇಳಿದು ಬರುವಷ್ಟರಲ್ಲಿ ರಾಜಧಾನಿಯ ಆಜಾನ್ ಪ್ರಸಾರವಾಗಿಹೋಗಿತ್ತು. ಮನೆಮನೆಯಲ್ಲಿ ಹರೀರಾ ಸೂಪು ಗಂಟಲಿಗಿಳಿದಿತ್ತು. ಇಮಾಮರಂತೂ ಎರಡನೇ ಬಟ್ಟಲಿಗೆ ಕೈ ಹಾಕಿದ್ದರು. ಆಗ ಗಾಳಿ ತುಸು ನಿಂತು, ಗುಡ್ಡದ ಮೇಲೆ ಇನ್ನೂ ಮುಳುಗದ ಸೂರ್ಯ ಇಣುಕಿದ.

ಊರಿನಲ್ಲಿ ಅಂದು ಉಪವಾಸ ಕೆಡದವನು ಒಬ್ಬನೇ: ಎಲ್ಲರದ್ದೂ ಕೆಡಿಸಿದವನು.

"ಹಾಳಾದವ್ನೇ! ಹಗಲೆಲ್ಲಾ ಒಲೆ ಮುಂದೆ ಬೆಂದಿದ್ದೀನಿ ಕಣೋ. ಆ ಪುಣ್ಯ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ಸ್ಟುಡಿಯೋ ಪಕ್ಕದ ಮನೆಯ ಹಾಜಾ ಮಬ್ರೂಕಾ ಗೋಡೆಯಾಚೆಯಿಂದ ಕೂಗಿದಳು.

ಹಬ್ಬ ಕಳೆದ ಮೇಲೆ ಎಲ್ಲರೂ ಒಂದೇ ದಿನ ಆ ಉಪವಾಸ ತೀರಿಸಬೇಕೆಂದು ಇಮಾಮರು ಹೇಳಿದರು. ಅಂದೇ ಬೂಹಫ್ಸನ ಕೊನೆಯ ಪ್ರಸಾರ ಎಂದು ಹಿರಿಯರು ಹೇಳಿದರು. ಆ ಕುರ್ಚಿ ಹೋದರೆ ತಾನು ಯಾರೂ ಅಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ, ತೀರಿಸಬೇಕಾದದ್ದೇನೂ ಇಲ್ಲದಿದ್ದರೂ, ಅವನೂ ಉಪವಾಸ ಹಿಡಿದ. ಸಂಜೆ ಟೈ ಕಟ್ಟಿ, ಕಿಟಕಿಯಲ್ಲಿ ಸೂರ್ಯ ಪೂರ್ತಿ ಮುಳುಗಿದ್ದನ್ನು ಕಣ್ಣಾರೆ ಕಂಡು ಆಜಾನ್ ಹಾಕಿದ. ಕ್ಯಾಮೆರಾದ ಮುಂದೆ ಖರ್ಜೂರ ಹಿಡಿದು ಕುಳಿತ. ಇನ್ನು ತನ್ನ ಮಾತನ್ನು ಯಾರು ನಂಬುತ್ತಾರೆ ಎಂದು ದುಃಖ ಒತ್ತರಿಸಿ ಬಂದು, ತಿನ್ನುವುದನ್ನೇ ಮರೆತು ಅಳತೊಡಗಿದ.

ಆಜಾನ್ ಮುಗಿಯಿತು. ಓಣಿಯಲ್ಲಿ ಒಂದು ಚಮಚದ ಸದ್ದೂ ಇಲ್ಲ.

"ತಿನ್ನೋ ಕತ್ತೆ!" ಗೋಡೆಯಾಚೆಯಿಂದ ಮಬ್ರೂಕಾಳ ದನಿ ಕೇಳಿತು. "ನೀನು ನುಂಗೋವರೆಗೂ ಯಾರೂ ಬಾಯಿಗಿಡಲ್ಲ ಅಂತ ಊರೆಲ್ಲಾ ನಿನ್ನೇ ನೋಡ್ತಾ ಕೂತಿದೆ!"

ಬೂಹಫ್ಸ ಮೂಗೊರೆಸಿಕೊಂಡು ಖರ್ಜೂರ ಬಾಯಿಗಿಟ್ಟ.