ತಲೆಕೆಳಗಾದ ಬೀದಿ

ಕನ್ನಡಕದ ಗಾಜು ಉಜ್ಜುವ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ‘ಅಬ್ಬಬ್ಬ’. ಮಂಜುಗಡ್ಡೆ ತೇಲಿದರೂ ಅಬ್ಬಬ್ಬ, ನೀರು ಕುದಿದರೂ ಅಬ್ಬಬ್ಬ. ಏನೂ ತಿಳಿಯದವನೆಂದುಕೊಳ್ಳಬೇಡಿ; ಬೆಳಕು ಗಾಜಿನೊಳಗೆ ಎಷ್ಟು ಬಾಗುತ್ತದೆ ಎಂಬುದೇ ಅವನ ಹೊಟ್ಟೆಪಾಡು. ಕಾರಣ ಗೊತ್ತಾದ ಮೇಲೆ ಬೆರಗು ಬಿಡಬೇಕೆಂದು ಲೋಕಕ್ಕೆಲ್ಲ ಹೇಳಿದವರು ಇವನಿಗೊಬ್ಬನಿಗೆ ಹೇಳಲು ಮರೆತಿದ್ದರು.

ಅವನ ದೊಡ್ಡ ಸಂಭ್ರಮವೆಂದರೆ ಕೆಲಸದ ಕೋಣೆಯ ಬೀದಿಬಾಗಿಲಲ್ಲಿದ್ದ ತೂತು. ಯಾವ ಕಾಲದಲ್ಲೋ ಮೊಳೆ ಉದುರಿದ ಜಾಗ. ಬೆಳಿಗ್ಗೆ ಬೀದಿಗೆ ಬಿಸಿಲು ಬಿದ್ದಾಗ ಬಾಗಿಲು ಕಿಟಕಿ ಮುಚ್ಚಿದರೆ, ಸುಣ್ಣ ಬಳಿದ ಗೋಡೆಯ ಮೇಲೆ ಇಡೀ ಬೀದಿ ತಲೆಕೆಳಗಾಗಿ ಮೂಡುತ್ತಿತ್ತು. ಆಕಾಶ ಕೆಳಗೆ, ಸೈಕಲ್ಲು ಮೇಲೆ; ಹಾಲಿನವನು ಚಾವಣಿಗೆ ಕಾಲೂರಿ ನಡೆಯುತ್ತಿದ್ದ. ಇದನ್ನು ನೋಡದೆ ಅವನು ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ.

“ಅಪ್ಪಾ, ಬೆಳಕು ನೆಟ್ಟಗೆ ಹೋಗುತ್ತೆ. ಮೇಲಿಂದ ಬಂದದ್ದು ಕೆಳಗೆ ಬೀಳುತ್ತೆ. ಅಷ್ಟೇ,” ಎನ್ನುತ್ತಿದ್ದಳು ಕಾಲೇಜಿಗೆ ಹೋಗುವ ಮಗಳು.

“ನನಗೂ ಗೊತ್ತಮ್ಮ. ಅಷ್ಟಕ್ಕೇ ಇಷ್ಟೆಲ್ಲಾ ಆಗುತ್ತಲ್ಲ, ಅಬ್ಬಬ್ಬ!”

ಹೆಂಡತಿ ಮಾತ್ರ ಒಂದು ದಿನವೂ ಇಣುಕಿದವಳಲ್ಲ. “ಬೀದಿ ನೋಡೋಕೆ ಬಾಗಿಲು ಮುಚ್ಚೋ ಗಂಡ ನನಗೇ ಸಿಗಬೇಕಿತ್ತಾ!” ಎಂದು ಒಳಗಿನಿಂದಲೇ ಗೊಣಗುವಳು.

ಒಂದು ದಿನ ಅವನು ಗಾಜು ತರಲು ಹೋಗಿದ್ದಾಗ ಬಡಗಿಯಾಗಿದ್ದ ಅವಳ ತಮ್ಮ ಬಾಗಿಲಿನ ಕೀಲು ಬಿಗಿಮಾಡಲು ಬಂದ. ಕಣ್ಣಿಗೆ ಬಿದ್ದ ತೂತಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣವನ್ನೂ ಬಳಿದ. ಭಾವ ಮರಳಿದ ಕೂಡಲೇ ಕರೆದು ತೋರಿಸಿದ.

“ಭಾವಾ, ಇನ್ನು ಒಂದು ಚೂರು ಧೂಳೂ ಬರಲ್ಲ ನೋಡಿ!”

ಎದೆಯುಬ್ಬಿಸಿ ನಿಂತವನಿಗೆ ಏನು ಹೇಳುವುದು? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ, “ಒಳ್ಳೇದಾಯ್ತಪ್ಪಾ,” ಎಂದ. ಅಂದಿನಿಂದ ಮನೆಯಲ್ಲಿ ಅಬ್ಬಬ್ಬ ಕೇಳಿಸಲಿಲ್ಲ. ನೀರು ಕುದಿದರೂ ಇಲ್ಲ, ಗುಡುಗು ಬಂದರೂ ಇಲ್ಲ. ಬೈದು ಬೈದು ಅಭ್ಯಾಸವಾಗಿದ್ದ ಹೆಂಡತಿಗೆ ಆ ಮೌನ ತಡೆಯಲಾಗಲಿಲ್ಲ.

ಒಂದು ಬೆಳಿಗ್ಗೆ ತಮ್ಮನ ಬೈರಿಗೆ ಎತ್ತಿಕೊಂಡು ಬಂದು ತಾನೇ ಬಾಗಿಲು ಕೊರೆದಳು. ತೂತು ನಾಣ್ಯದಷ್ಟು ದೊಡ್ಡದಾಯಿತು. ಗೋಡೆಯ ಮೇಲೆ ಬೀದಿಯಿಲ್ಲ, ಬರೀ ಮಸುಕು ಬೆಳಕು.

“ಹಾಳು ಮಾಡ್ಬಿಟ್ಟೆನೇನ್ರೀ?” ಎಂದಳು. ಕಣ್ಣು ತುಂಬಿತ್ತು.

ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಡಬ್ಬಿ ತಡಕಿ, ಓದಲು ಈಗಷ್ಟೇ ಕಷ್ಟವಾದವರಿಗೆ ಕೊಡುವ ಕಡಿಮೆ ನಂಬರಿನ ಗಾಜುಗಳನ್ನು ಒಂದೊಂದಾಗಿ ತೂತಿಗೆ ಹಿಡಿದ. ಒಂದು ಗಾಜಿಗೆ ಬೀದಿ ಎಂದೂ ಇಲ್ಲದಷ್ಟು ನಿಚ್ಚಳವಾಗಿ ಗೋಡೆಗೆ ಬಂದು ನಿಂತಿತು. ಭಾವಮೈದ ಅಂದು ಬಿಟ್ಟುಹೋಗಿದ್ದ ಪುಟ್ಟಿಯಿಂದಲೇ ಅದನ್ನು ಅಂಟಿಸಿದ. ಅಷ್ಟರಲ್ಲಿ ಬೈರಿಗೆ ಹುಡುಕಿಕೊಂಡು ಆ ತಮ್ಮನೇ ತಲೆಕೆಳಗಾಗಿ ನಡೆದು ಬರಬೇಕೇ! ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೂ ಗೋಡೆಯಿಂದ ಕಣ್ಣು ಕೀಳಲಿಲ್ಲ.

“ಯಾಕ್ರೀ ಹೀಗೆ ತಲೆಕೆಳಗೆ?”

“ಬೆಳಕು ನೆಟ್ಟಗೆ…”

“ಅದು ಗೊತ್ತು, ಮಗಳು ನೂರು ಸಲ ಹೇಳಿದ್ದಾಳೆ. ಆದ್ರೂ ಯಾಕೆ?”

ಅವನು ಸ್ಟೂಲಿನ ಮೇಲೆ ಸರಿದು ಅವಳಿಗೂ ಜಾಗ ಮಾಡಿದ. ತಟ್ಟನೆ ಗೋಡೆ ಕಪ್ಪಾಯಿತು. ಹೊರಗೆ ತಮ್ಮ ತೂತಿಗೆ ಕಣ್ಣಿಟ್ಟಿದ್ದ.

“ಅಕ್ಕಾ! ಯಾರೋ ಬಾಗಿಲು ಕೊರೆದುಬಿಟ್ಟಿದ್ದಾರೆ!”

“ಸ್ವಲ್ಪ ಆ ಕಡೆ ಸರಿಯೋ,” ಎಂದು ಕೂಗಿದಳು ಅವಳು, “ನಮಗೆ ಬೀದಿ ಕಾಣ್ತಿಲ್ಲ!”